ಗಿರಣಿಯ ಹಾಜರಿ ಪುಸ್ತಕ

ಆ ಸೋಮವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಠಾಣೆಯ ಮೆಟ್ಟಿಲು ಹತ್ತಿ ಬಂದವರ ಕೆಮ್ಮು ಮೊದಲು ಕೇಳಿಸಿತು, ಮುಖ ಆಮೇಲೆ ಕಾಣಿಸಿತು. ಬಂದವರು ಊರಿನ ಇತಿಹಾಸ ಸಮಿತಿಯ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು. ಸಮಯ ಎಂಟು ಗಂಟೆ ಹತ್ತು ನಿಮಿಷ.

"ಹಾಜರಿ ಪುಸ್ತಕ ಕಳುವಾಗಿದೆ ಸಾರ್. ನಮ್ಮ ಕತೆ ಮುಗೀತು."

"ಕೂತ್ಕೊಳ್ಳಿ ಮೇಷ್ಟ್ರೇ. ಯಾವ ಹಾಜರಿ? ಶಾಲೇದಾ?" ಇನ್ಸ್‌ಪೆಕ್ಟರು ಕೇಳಿದರು.

"ಸುಟ್ಟ ಗಿರಣೀದು."

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ಐವತ್ತೆಂಟು ವರ್ಷಗಳ ಹಿಂದೆ ನೂಲಿನ ಗಿರಣಿಗೆ ಬೆಂಕಿ ಬಿದ್ದದ್ದು ಊರಲ್ಲಿ ಗೊತ್ತಿಲ್ಲದವರಿಲ್ಲ. ಅಂದು ಟೈಮ್‌ಕೀಪರು ಪ್ರಾಣದ ಹಂಗು ತೊರೆದು ಎದೆಗವಚಿಕೊಂಡು ಹೊರತಂದದ್ದು ಆ ಪುಸ್ತಕವೊಂದನ್ನೇ. ಗಿರಣಿಯಿದ್ದ ಜಾಗದಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸಬೇಕೆಂದು ಸಮಿತಿ ಆರು ವರ್ಷ ಕಚೇರಿ ಕಚೇರಿ ಅಲೆದು ಅನುದಾನ ಮಂಜೂರು ಮಾಡಿಸಿಕೊಂಡಿತ್ತು. ಗುರುವಾರ ಪರಿಶೀಲನಾಧಿಕಾರಿ ಬರುವವರಿದ್ದರು. ಮೂಲ ದಾಖಲೆ ಕಣ್ಣಿಗೆ ಬೀಳದಿದ್ದರೆ ಅನುದಾನ ವಾಪಸ್ಸು. ಪಟ್ಟಿಯ ನಲವತ್ತೊಂದು ಹೆಸರೂ ಕಾಗದದಲ್ಲೇ ಉಳಿಯುತ್ತವೆ.

ಎಂಟು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಒಂಬತ್ತೂವರೆಗೆ ಸಮಿತಿಯ ಕೋಣೆಯಲ್ಲಿ ಸ್ಥಳ ಪಂಚನಾಮೆ. ಬೀಗ ಒಡೆದಿಲ್ಲ. ಕಂಪ್ಯೂಟರ್ ಇದೆ, ಕ್ಯಾಮೆರಾ ಇದೆ. ಠಾಣೆಯಲ್ಲಿ ಎಲ್ಲರೂ ಭೂತಗನ್ನಡಿ ಎಂದು ಕರೆಯುವ ಹೆಡ್ ಕಾನ್ಸ್‌ಟೇಬಲಮ್ಮ ಮೂಲೆಯಲ್ಲಿದ್ದ ಲ್ಯಾಮಿನೇಶನ್ ಮಿಷನ್ನಿನ ಹಿಂದೆ ಬಗ್ಗಿ ನೋಡಿದರು.

"ಸಾರ್, ಇದರ ಫ್ಯೂಸ್ ಕಿತ್ಕೊಂಡು ಹೋಗಿದ್ದಾರೆ. ಪುಸ್ತಕ ಕದ್ದವನಿಗೆ ಫ್ಯೂಸ್ ಯಾಕೆ?"

"ಮನೇಲಿ ಕರೆಂಟ್ ಹೋಗಿರ್ಬೇಕು ಮೇಡಂ," ಎಂದ ಕಾನ್ಸ್‌ಟೇಬಲ್.

"ನಿನ್ನ ತಲೇಲೂ ಹೋಗಿದೆ. ಸುಮ್ನೆ ಟೇಪು ಹಿಡಿ."

ಇನ್ಸ್‌ಪೆಕ್ಟರು ಮೇಷ್ಟ್ರ ಕಡೆ ತಿರುಗಿದರು. "ಈ ಮಿಷನ್ ಯಾಕೆ ತಂದ್ರಿ?"

"ಹಾಳೆಗಳಿಗೆ ಪ್ಲಾಸ್ಟಿಕ್ ಹಾಕ್ಸೋಕೆ. ಅನುದಾನದ ಪತ್ರದಲ್ಲಿ ಶಾಶ್ವತ ರಕ್ಷಣೆ ಅಂತ ಬರೆದಿದ್ದಾರಲ್ಲ. ಇವತ್ತೇ ಶುರು ಮಾಡೋದಿತ್ತು."

"ಯಾರೂ ಬೇಡ ಅನ್ಲಿಲ್ವಾ?"

ಮೇಷ್ಟ್ರು ನಡಾವಳಿ ಪುಸ್ತಕ ತೆರೆದು ತೋರಿಸಿದರು. 'ಸದಸ್ಯರೊಬ್ಬರ ಆಕ್ಷೇಪಣೆಯನ್ನು ಸಮಯಾಭಾವದಿಂದ ಕೈಬಿಡಲಾಯಿತು.'

"ಯಾರು ಈ ಒಬ್ಬರು?"

"ಬೈಂಡರ್ ತಾತ. ಹಾಳೆ ಉಸಿರುಕಟ್ಟಿ ಸಾಯುತ್ತೆ ಅಂತ ಕೂಗಾಡಿದ್ರು. ವಯಸ್ಸಾದವರು, ಹೋಗ್ಲಿ ಬಿಡಿ ಅಂದ್ವಿ."

"ಬಾಗಿಲಿನ ಇನ್ನೊಂದು ಕೀ?"

ಮೇಷ್ಟ್ರ ಮುಖ ಇಳಿಯಿತು. "ಅವರ ಹತ್ರಾನೇ."

ಹನ್ನೊಂದು ಇಪ್ಪತ್ತಕ್ಕೆ ಬೈಂಡರ್ ತಾತನ ಮನೆ. ಸೊಸೆ ಬಾಗಿಲು ತೆಗೆದು, ಖಾಕಿ ನೋಡಿ, "ಮಾವಾ..." ಎಂದಷ್ಟೇ ಕೂಗಿದಳು.

"ಎರಡು ನಿಮಿಷ ಇರಿ ಸ್ವಾಮೀ. ಈಗ ಕೈ ಬಿಟ್ರೆ ಅಂಟು ಹಾಳೇನ ಎಳ್ಕೊಂಡ್ಬಿಡುತ್ತೆ," ಒಳಗಿನಿಂದ ದನಿ ಬಂತು.

ಇನ್ಸ್‌ಪೆಕ್ಟರು ಟೋಪಿ ತೆಗೆದು ಹೊಸ್ತಿಲಲ್ಲೇ ನಿಂತರು. ಕಿಟಕಿಯ ಬೆಳಕಿನಲ್ಲಿ ಮುದುಕ ಉಸಿರು ಬಿಗಿಹಿಡಿದು, ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಕಾಗದವನ್ನು ಹರಿದ ಅಂಚಿನ ಮೇಲೆ ಕೂರಿಸುತ್ತಿದ್ದ. ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿದ ಅಂಟು ಬಟ್ಟಲಲ್ಲಿ ತಿಳಿನೀಲಿಯಾಗಿತ್ತು. ಹುಳು ತಿಂದ ತೂತುಗಳೆಲ್ಲ ಮುಚ್ಚಿದ್ದವು, ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕದ್ದ ಮಾಲನ್ನು ಇಷ್ಟು ಭಕ್ತಿಯಿಂದ ಮುಟ್ಟುವ ಕೈಗಳನ್ನು ಇನ್ಸ್‌ಪೆಕ್ಟರು ಕಂಡಿರಲಿಲ್ಲ. ಪೂಜೆಯ ನಡುವೆ ಬಂದುಬಿಟ್ಟೆನೇನೋ ಎಂದು ಅವರಿಗೆ ಸಂಕೋಚವಾಯಿತು.

ತಾತ ಕೈ ಒರೆಸಿಕೊಂಡ.

"ತಗೊಂಡಿದ್ದು ನೀವೇನಾ?"

"ನಾನೇ."

"ಯಾವತ್ತು?"

"ಶುಕ್ರವಾರ ಸಂಜೆ. ಬುಧವಾರದೊಳಗೆ ಇಟ್ಟಲ್ಲೇ ಇಟ್ಬಿಡೋಣ ಅಂತಿದ್ದೆ."

"ಫ್ಯೂಸು?"

"ಪುಸ್ತಕ ಇಲ್ಲ ಅಂತ ಮಿಕ್ಕ ಕಾಗದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಿಬಿಟ್ರೆ? ಮೇಷ್ಟ್ರು ಒಳ್ಳೆಯವರೇ, ಆದ್ರೆ ಕೈಗೆ ಮಿಷನ್ ಸಿಕ್ಕಿದ್ರೆ ಸುಮ್ನೆ ಕೂರಲ್ಲ."

ಹನ್ನೆರಡೂ ಕಾಲಿಗೆ ಬಂಧನ. ಜೀಪಿನಲ್ಲಿ ಇನ್ಸ್‌ಪೆಕ್ಟರು ಮುಂದಿನ ಸೀಟನ್ನು ತಾತನಿಗೆ ಬಿಟ್ಟು ತಾವು ಹಿಂದೆ ಕೂತರು. ಠಾಣೆಯಲ್ಲಿ ಮೇಷ್ಟ್ರ ಎದುರಿಗೇ ಪುಸ್ತಕದ ಜಪ್ತಿ ಪಂಚನಾಮೆ ನಡೆಯಿತು. ಹೆಡ್ ಕಾನ್ಸ್‌ಟೇಬಲಮ್ಮ ಒಂದೊಂದೇ ಹಾಳೆ ತಿರುವಿ ಎಣಿಸಿದರು.

"ನೂರ ಎಂಬತ್ತಾರು."

"ನೂರ ಎಂಬತ್ತೈದು ಕಣಮ್ಮ. ದೂರಿನಲ್ಲೂ ಹಾಗೇ ಬರೆಸಿದ್ದೀನಿ," ಮೇಷ್ಟ್ರು ಅಂದರು.

ಮತ್ತೆ ಎಣಿಸಿದರು. ನೂರ ಎಂಬತ್ತಾರೇ. ಕಳುವಾದದ್ದಕ್ಕಿಂತ ಸಿಕ್ಕಿದ್ದು ಒಂದು ಹೆಚ್ಚು. ಎಲ್ಲರೂ ತಾತನ ಕಡೆ ನೋಡಿದರು.

"ಕೊನೇದು ಬೆಂಕಿ ಬಿದ್ದ ದಿನದ ಹಾಳೆ," ತಾತ ತಲೆ ತಗ್ಗಿಸಿ ಹೇಳಿದ. "ಸುಟ್ಟುಹೋಗಿದೆ ಅಂತ ನೀವೆಲ್ಲ ಅಂದ್ಕೊಂಡ್ರಿ. ಮೂವತ್ತು ವರ್ಷದ ಹಿಂದೆ ಪುಸ್ತಕ ಬೈಂಡಿಗೆ ಬಂದಾಗ ನಾನೇ ಬಿಚ್ಚಿ ಇಟ್ಕೊಂಡೆ."

"ಯಾಕೆ?" ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು.

"ನಮ್ಮಕ್ಕನ ರುಜು ಇದೆ ಸ್ವಾಮೀ. ಹೆಬ್ಬೆಟ್ಟು ಒತ್ತುತಿದ್ದವಳಿಗೆ ಅಕ್ಷರ ಕಲಿಸಿದ್ದು ನಾನು, ಹನ್ನೊಂದು ವರ್ಷದವನು. ಹಿಂದಿನ ದಿನ ಜ್ವರ ಅಂತ ಅವಳು ಹೋಗ್ಲಿಲ್ಲ. ಮಾರನೇ ದಿನ ಹೋಗಿ ಮೊದಲ ಸಲ ರುಜು ಹಾಕಿದ್ಲು. ಅದೇ ಕೊನೇದೂ ಆಯ್ತು. ಅವಳದ್ದು ಅಂತ ಮನೇಲಿ ಒಂದು ಫೋಟೋನೂ ಇಲ್ಲ."

ಮೇಷ್ಟ್ರು ಕುರ್ಚಿಯ ತುದಿಗೆ ಬಂದಿದ್ದರು. ಬೆಂಕಿ ಬಿದ್ದ ದಿನದ ಹಾಳೆ ಇಲ್ಲವೆಂದು ಸಮಿತಿ ಸತ್ತವರ ಪಟ್ಟಿ ಮಾಡಿದ್ದು ಹಿಂದಿನ ದಿನದ ಹಾಜರಿ ಹಿಡಿದು; ಅಂದು ಬಾರದವಳ ಹೆಸರು ಅದರಲ್ಲಿರಲಿಲ್ಲ.

"ಅವಳ ಹೆಸರೂ ಸೇರಿಸಿ ಅಂತ ಕೇಳ್ದೆ. ಬಾಯಿಮಾತು ಅನುದಾನಕ್ಕೆ ನಡೆಯಲ್ಲ, ದಾಖಲೆ ತನ್ನಿ ಅಂದ್ರಿ. ದಾಖಲೆ ನನ್ನ ಪೆಟ್ಟಿಗೇಲೇ ಇತ್ತು. ನನ್ನ ಆಸೆ ಅವಳನ್ನ ಕಲ್ಲಿನ ಮೇಲಿಂದ ಅಳಿಸ್ತಾ ಇತ್ತು."

"ಜಾಮೀನಿಗೆ ಎಲ್ಲಿ ರುಜು ಹಾಕ್ಬೇಕು ಹೇಳಿ ಸಾರ್," ಎಂದು ಮೇಷ್ಟ್ರು ಜೇಬಿನ ಪೆನ್ನು ತೆಗೆದರು.

ಹೊಲಿಯುವುದು ಇನ್ನೂ ಬಾಕಿಯಿದ್ದ ಆ ಹಾಳೆಯನ್ನು ತಾತ ಪುಸ್ತಕದಿಂದ ಎತ್ತಿಕೊಂಡ. ಇನ್ಸ್‌ಪೆಕ್ಟರು ತಡೆಯಲಿಲ್ಲ. ತಾತ ಒಂದು ಗಳಿಗೆ ಅದನ್ನು ನೋಡಿ, ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಮುಂದೆ ಚಾಚಿದ. ಮೇಷ್ಟ್ರು ಎದ್ದು ನಿಂತು ತೆಗೆದುಕೊಂಡರು.