ಬೆನ್ನ ಹಿಂದಿನ ರೈಟ್ ರೈಟ್

ನಾನು ಬಸ್ ಡ್ರೈವರ್ ಆಗಿದ್ದವನು. ಹಿಂದಿನಿಂದ ಕಂಡಕ್ಟರ್ "ರೈಟ್ ರೈಟ್" ಅಂದರೆ ಹೊರಡುವುದು, "ಹೋಲ್ಡಾನ್" ಅಂದರೆ ನಿಲ್ಲುವುದು. ತಿರುಗಿ ನೋಡುವ ಅಭ್ಯಾಸವೇ ಇರಲಿಲ್ಲ. ನಿವೃತ್ತಿಯಾದ ಮೇಲೆ ಡಾಕ್ಟರ ಬೈಗುಳಕ್ಕೆ ಹೆದರಿ ನಾನೂ ನನ್ನ ಹಳೆಯ ಕಂಡಕ್ಟರೂ ಗುಡ್ಡದ ದಾರಿಯಲ್ಲಿ ನಡೆಯತೊಡಗಿದೆವು. ನಡಿಗೆ ಓಟವಾಗಿ, ಆ ಹುಚ್ಚು ಹಿಡಿದೇಬಿಟ್ಟಿತು. ನಾನು ಮುಂದೆ, ಅವನು ಹಿಂದೆ. ಹೊರಡುವಾಗ ಅವನ "ರೈಟ್ ರೈಟ್" ಇರಲೇಬೇಕು.

ಆ ಬೆಳಿಗ್ಗೆ ಎದುರಿಗೆ ಏನೂ ಕಾಣದಷ್ಟು ಮಂಜು. ನಾನು ನಿಧಾನ ಮಾಡಿದಾಗಲೆಲ್ಲ ಬೆನ್ನ ಹಿಂದೆಯೇ "ರೈಟ್ ರೈಟ್" ಕೇಳುತ್ತಿತ್ತು. ಮೈಯೆಲ್ಲ ಬೆವರು, ಕತ್ತಿನ ಹಿಂಭಾಗ ಮಾತ್ರ ಒದ್ದೆ ಬಟ್ಟೆ ಇಟ್ಟ ಹಾಗೆ ತಣ್ಣಗಿತ್ತು. ಕಂಡಕ್ಟರಿಗೆ ಏದುಸಿರು ಜಾಸ್ತಿ. ಆದರೆ ಹಿಂದೆ ಉಸಿರಿನ ಸದ್ದೇ ಇರಲಿಲ್ಲ.

"ಹೋಲ್ಡಾನ್!"

ಕಂಡಕ್ಟರನ ಆ ಕೂಗು ಬಂದದ್ದು ಹಿಂದೆ, ನಾನು ಹತ್ತಿ ಬಂದ ದಾರಿಯ ಬಹಳ ಕೆಳಗಿನಿಂದ. ನನ್ನ ಕಾಲು ತಾನಾಗಿ ನಿಂತಿತು. ಬೂಟಿನ ತುದಿಯಿಂದ ಜಾರಿದ ಕಲ್ಲು ಎಷ್ಟೋ ಹೊತ್ತಿಗೆ ನೀರಿಗೆ ಬಿತ್ತು. ದಾರಿ ತಪ್ಪಿ ಹಳೆಯ ಕಲ್ಲುಕ್ವಾರಿಯ ಅಂಚಿಗೆ ಬಂದಿದ್ದೆ. ಕಿವಿಯ ಪಕ್ಕದಲ್ಲೇ ಯಾರೋ ಮೆತ್ತಗೆ ಅಂದರು, "ರೈಟ್ ರೈಟ್."

ನಾನು ಅಲ್ಲೇ ಕುಳಿತುಬಿಟ್ಟೆ. ಕಂಡಕ್ಟರ್ ಏದುಸಿರು ಬಿಡುತ್ತ ಹತ್ತಿ ಬಂದ.

"ಲೇಸ್ ಕಟ್ಟೋಕೆ ಕೂತ್ರೆ ಬಿಟ್ಟೇ ಹೋಗೋದಾ? ಕಂಡಕ್ಟರ್ ಇಲ್ದೆ ಗಾಡಿ ಎಳೀತೀಯೇನಯ್ಯಾ!" ಎಂದು ಬೈದು, ಸುತ್ತಲೂ ನೋಡಿದ. "ನನ್ನನ್ನ ದಾಟ್ಕೊಂಡು ನಿನ್ನ ಹಿಂದೇನೇ ಬಂದ್ರಲ್ಲ ಒಬ್ರು, ಎಲ್ಲಿ ಇಳಿದ್ರು?"

ಅಲ್ಲಿಂದ ಇಳಿಯಲು ಇರುವುದು ಅವನು ಹತ್ತಿ ಬಂದ ದಾರಿಯೊಂದೇ.

ಓಟ ಬಿಟ್ಟಿಲ್ಲ, ಬಿಡಲು ಮನಸ್ಸಾಗದು. ದಾರಿ ಬದಲಿಸಿದ್ದೇವೆ. ಈಗ ಅವನು ಮುಂದೆ, ನಾನು ಹಿಂದೆ. ಹೊರಡುವಾಗ ಇಬ್ಬರೂ ಬಾಯಿ ಬಿಡುವುದಿಲ್ಲ. ಆದರೂ ನನ್ನ ಬೆನ್ನ ಹಿಂದಿನಿಂದ ಅದು ಕೇಳಿದ ಮೇಲೆಯೇ ನಮ್ಮ ಕಾಲು ಏಳುವುದು.