ಗ್ಯಾರೇಜಿನ ನಟ್ಟನಡುವೆ ಟೈರಿನ ಕಲೆ

ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ 10.15. ಬಟ್ಟೆ ಹೊಲಿದು ಒಂಟಿಯಾಗಿ ಬದುಕುವ ಹೆಂಗಸೊಬ್ಬಳು ಠಾಣೆಗೆ ಬಂದಳು.

"ಏನಮ್ಮ ಕಳುವಾಗಿದ್ದು?" ರೈಟರ್ ಕೇಳಿದ.

"ಏನೂ ಕಳುವಾಗಿಲ್ಲ. ಗ್ಯಾರೇಜಿನ ನೆಲದ ಮೇಲೆ ಟೈರಿನ ಕಲೆ ಮಾಡಿ ಹೋಗಿದಾರೆ."

"ಕಾರು ನಿಲ್ಸಿದ್ರೆ ಕಲೆ ಆಗ್ದೆ ಹೂ ಅರಳುತ್ತಾ?"

"ನನ್ನತ್ರ ಕಾರೇ ಇಲ್ಲ ಸ್ವಾಮಿ."

ರೈಟರ್ ಪೆನ್ನು ಕೈಗೆತ್ತಿಕೊಂಡ. ಆ ಗ್ಯಾರೇಜು ಆಕೆಯ ಕೆಲಸದ ಕೋಣೆ. ನೆಲದ ಮೇಲೆ ಬಟ್ಟೆ ಹರಡಿ ಕತ್ತರಿಸುತ್ತಾಳೆ. ಪ್ರತಿ ಮಂಗಳವಾರ, ಹೊಲಿದ ಬಟ್ಟೆ ತಲುಪಿಸಲು ಹೋದರೆ ಬರುವುದು ಸಂಜೆ. ಸತತ ಮೂರು ಮಂಗಳವಾರ ಕಲೆ ಬಿದ್ದಿದೆ.

"ನಾನಿಲ್ದಿರೋ ಹೊತ್ತು ನೋಡ್ಕೊಂಡು ಯಾರೋ ಬರ್ತಾರೆ. ಕಣ್ಣಿಗೆ ನಿದ್ದೆ ಹತ್ತಿ ಎರಡು ವಾರ ಆಯ್ತು. ಭಾನುವಾರ ಮನೆ ಖಾಲಿ ಮಾಡ್ತಿದೀನಿ. ಹೋದಲ್ಲಿಗೂ ಬಂದ್ರೆ?"

ಇನ್‌ಸ್ಪೆಕ್ಟರ್ ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ಹಾಕಿಸಿದರು.

11.40ಕ್ಕೆ ಪಂಚನಾಮೆ. ಜೊತೆಗಿದ್ದ ಕಾನ್‌ಸ್ಟೇಬಲ್ ಟೈರ್ ಅಂಗಡಿಯಲ್ಲಿ ಆರು ವರ್ಷ ದುಡಿದು ಪೊಲೀಸಾದವನು. ಠಾಣೆಯಲ್ಲಿ ಅವನ ಹೆಸರೇ ಪಂಕ್ಚರ್. ಬಾಗಿಲ ಚಿಲಕದ ಬೂದು ಬಣ್ಣವನ್ನು ತೆಳು ಅಲಗು ಕೆರೆದಿತ್ತು. ಒಳಗೆ, ಬಾಗಿಲಿನಿಂದ ಒಂದು ಗಜ ದೂರದಲ್ಲಿ, ಅಂಗೈ ಅಗಲದ ಒಂದೇ ಒಂದು ಕಂದು ಕಲೆ.

"ಓಡಿ ಬಿಸಿಯಾದ ಟೈರ್ ನಿಂತ್ರೆ ರಬ್ಬರಿನ ಎಣ್ಣೆ ಸಿಮೆಂಟಿಗೆ ಇಳಿಯುತ್ತೆ ಸರ್. ಇದು ಅದೇ. ಆದ್ರೆ ಕಾರಿಗೆ ನಟ್ಟನಡುವೆ ಚಕ್ರ ಎಲ್ಲಿರುತ್ತೆ? ಹೊರಗೆ ಜಲ್ಲಿ ನೋಡಿ, ಎರಡು ಚಕ್ರ ಊರಿದ ಗುಂಡಿ. ಇದು ಮೂರು ಚಕ್ರದ ಗಾಡಿ. ಮೂತಿ ಮಾತ್ರ ಒಳಗಿಟ್ಟಿದಾನೆ."

"ಹಿಂದಿನ ಎರಡು ಕಲೆ ತೆಗೆದೋರು ಯಾರು?" ಇನ್‌ಸ್ಪೆಕ್ಟರ್ ಆಕೆಯನ್ನು ಕೇಳಿದರು.

"ಕಲೆ ತೆಗೆಯೋ ಅಣ್ಣ. ಈ ಮನೆಗೆ ಬಂದಾಗ ಹಳೇ ಬಾಡಿಗೆಯವರ ಕಲೆ ತೆಗೆದಿದ್ದೂ ಅವನೇ. ಫೋನ್ ಮಾಡಿದ್ರೆ ಆಗ್ಲೇ ಬರ್ತಾನೆ, ಪಾಪ. ದ್ರಾವಣ ಸುರಿದು ಇಪ್ಪತ್ತು ನಿಮಿಷ ನೆನೆಸ್ಬೇಕು. ಅಷ್ಟು ಹೊತ್ತು ಸ್ಟೂಲ್ ಹಾಕ್ಕೊಂಡು ಮಾತಾಡ್ತೀವಿ. ನನಗೆ ಧೈರ್ಯ ಹೇಳಿದ್ದು ಅವನೊಬ್ಬನೇ."

"ಅವನ ಗಾಡಿ ಯಾವುದು?"

ಆಕೆ ಹೊರಗಿನ ಜಲ್ಲಿಯ ಗುಂಡಿಗಳತ್ತ ತಿರುಗಿದಳು. "ಅಯ್ಯೋ... ಮೂರು ಚಕ್ರದ್ದು."

ಗಾಡಿ ತಾಳೆಯಾದರೆ ಸಾಲದು, ಕಾರಣ ಬೇಕು. 12.30ಕ್ಕೆ ಇನ್‌ಸ್ಪೆಕ್ಟರ್ ಎದುರುಮನೆಯ ಬಾಗಿಲು ತಟ್ಟಿದರು.

"ಕಲೆ ತೆಗೆಯೋನಾ? ನಮ್ಮಲ್ಲೂ ಬಂದ, ಕಲೆ ತೆಗೆದ, ಮತ್ತೆ ಎಣ್ಣೆ ಇಳೀದ ಹಾಗೆ ಸೀಲರ್ ಬಳಿದ, ಟೈರಿನಡಿಗೆ ಮ್ಯಾಟ್ ಹಾಸಿ ಅಂದ," ಎಂದ ಮನೆಯ ಯಜಮಾನ. "ಆಮೇಲೆ ಒಂದು ಚುಕ್ಕೆ ಕೂತಿಲ್ಲ."

"ದ್ರಾವಣ ನೆನೆಯೋವಾಗ ಅವನ ಜೊತೆ ಮಾತಾಡ್ತಿದ್ರಾ?"

"ಬಾಗಿಲು ಹಾಕ್ಕೊಂಡಿದ್ದೆ. ಅವನತ್ರ ಮಾತಾಡೋಕೇನಿದೆ?"

ಆ ಬೀದಿಯ ಆರು ಮನೆಗಳಲ್ಲೂ ಇದೇ ಉತ್ತರ. ಎಲ್ಲರ ನೆಲಕ್ಕೂ ಸೀಲರ್ ಬಳಿದ ಮನುಷ್ಯ ಹೊಲಿಗೆಯಾಕೆಯ ನೆಲಕ್ಕೆ ಮಾತ್ರ ಬಳಿದಿರಲಿಲ್ಲ.

3.20ಕ್ಕೆ ಅವನ ಕೋಣೆ ಸಿಕ್ಕಿತು. ಒಂದು ತಟ್ಟೆ, ಒಂದು ಲೋಟ, ಒಂದು ಕುರ್ಚಿ. ಎರಡನೆಯವರು ಬಂದರೆ ನಿಂತೇ ಇರಬೇಕು; ಪೊಲೀಸರೂ ನಿಂತೇ ಇದ್ದರು. ನೆಲ ಕೆರೆಯುವ ಅಲಗಿನ ತುದಿಯಲ್ಲಿ ಬೂದು ಬಣ್ಣವಿತ್ತು.

"ಅವಳ ಮನೆಗೆ ಸೀಲರ್ ಯಾಕೆ ಬಳೀಲಿಲ್ಲ?"

"ಬಳಿದ್ರೆ ಕಲೆ ಕೂರಲ್ಲ ಸರ್."

"ಕೂರದಿದ್ರೆ?"

"ನನ್ನ ಕರೆಯಲ್ಲ."

"ಅವಳು ಹೆದರಿದ್ದು ಗೊತ್ತಿತ್ತಾ?"

"ಗೊತ್ತಿತ್ತು. ಧೈರ್ಯ ಹೇಳ್ತಿದ್ದೆ."

"ಥೂ, ನಿನ್ನ ಧೈರ್ಯಕ್ಕಿಷ್ಟು ಬೆಂಕಿ ಹಾಕ!" ಇನ್‌ಸ್ಪೆಕ್ಟರ್ ಸಿಡಿದರು. "ಭಾನುವಾರ ಮನೆ ಬಿಡ್ತಿದಾಳೆ, ನಿನ್ನಿಂದ."

ಅವನು ಕುರ್ಚಿಯಿದ್ದರೂ ನೆಲದ ಮೇಲೆ ಕುಸಿದು ಕೂತ. "ಎಲ್ಲಿಗೆ?"

"ಅದು ನಿನಗೆ ಗೊತ್ತಾಗ್ಬಾರ್ದು ಅಂತಲೇ ನಾವು ಬಂದಿರೋದು."

4.05ಕ್ಕೆ ಬಂಧನ. ಜಪ್ತಿ ಪಟ್ಟಿಗೆ ಅಲಗು, ಬ್ರಷ್ಷು, ದ್ರಾವಣದ ಡಬ್ಬಿ. ಬರೆಸಲೆಂದು ಪಂಕ್ಚರ್ ಡಬ್ಬಿಯ ಚೀಟಿ ಓದತೊಡಗಿದವನು ಅರ್ಧಕ್ಕೇ ನಿಲ್ಲಿಸಿದ.

"ಸರ್, ನೆನೆಯೋಕೆ ಐದು ನಿಮಿಷ ಅಂತಿದೆ."

"ಐದೇ ಸಾಕು ಸರ್," ಎಂದ ಅವನು, ತಲೆಯೆತ್ತದೆ. "ಇಪ್ಪತ್ತು ಅಂದಿದ್ದು ನಾನು. ಅದೊಂದು ಅವರಿಗೆ ಹೇಳ್ಬೇಡಿ."

ಇನ್‌ಸ್ಪೆಕ್ಟರ್ ಆ ಮಾತನ್ನೂ ಹೇಳಿಕೆಯಲ್ಲಿ ಬರೆಸಿದರು.