ಫೋಟೋದಲ್ಲಿ ಹಾಸಿಗೆ ಇರಲಿಲ್ಲ

“ಹಾಸಿಗಿ ಎಲ್ಲಿ ಅದವ್ವಾ?”

ಕಲಬುರಗಿಯಿಂದ ಅಸೆಸ್‌ಮೆಂಟಿಗೆ ಬಂದಿದ್ದ ಶಿವಬಸಮ್ಮ ಮೇಡಂ ನನ್ನ ಫೈಲನ್ನು ನನ್ನತ್ತ ತಿರುಗಿಸಿದರು. ಹೋಟೆಲ್ ಕೆಲಸದ ತರಬೇತಿಯಲ್ಲಿ ನಾನು ಕಲಿತದ್ದಕ್ಕೆಲ್ಲ ಪುರಾವೆ ಆ ಫೈಲೇ. ‘ಹಾಸಿಗೆ ಸಿದ್ಧಪಡಿಸುವುದು’ ಎಂಬಲ್ಲಿ ಅಂಟಿಸಿದ್ದ ಫೋಟೋದಲ್ಲಿ ನಾನು ಕೂದಲು ಹಿಂದೆ ಸರಿಸುತ್ತಿದ್ದೆ. ‘ಟೇಬಲ್ ಜೋಡಿಸುವುದು’ ಎಂಬಲ್ಲಿ ನಗುತ್ತಿದ್ದೆ. ಮೂಲೆಯಲ್ಲಿ ಒಂದು ಚಮಚವಿತ್ತು.

ಅಂಟಿಸುವಾಗ ನನಗದು ಹೊಳೆದೇ ಇರಲಿಲ್ಲ. ಅಜ್ಜಿಯ ಕಥೆಯ ರಾಣಿ ಕೊಳದಲ್ಲಿ ಮುಖ ನೋಡಿಕೊಂಡ ಹಾಗೆ ನೋಡುತ್ತ ಕೂತಿದ್ದೆ.

“ಇವನ್ನ ಗಂಡಿನ ಮನಿಗಿ ಕಳಸು, ಒಪ್ಕೋತಾರ. ನಾ ಹ್ಯಾಂಗ ಒಪ್ಕೊಳ್ಳಿ? ಯಾರು ತೆಗದಾರ?”

ನಾನು ಫೈಲಿನ ಅಂಚು ಸವರಿದೆ.

“ಹೆಸರಿಲ್ಲೇನು ಅವರಿಗಿ?”

“ಅದರೀ... ನಮ್ಮ ಬ್ಯಾಚಿನವರೇ.”

“ಕೆಲಸ ಬ್ಯಾರೆಯವರು ಮಾಡ್ಯಾರ, ನೀ ನಿಂತು ಫೋಟೋ ತೆಗಿಸ್ಕೊಂಡಿ ಅಂತ ಬರೀಲೇನು? ಅವರು ಬಂದು ಸಾಕ್ಷಿ ಹೇಳಲಿ. ಇಲ್ಲಾಂದ್ರ ಮುಂದಿನ ಬ್ಯಾಚಿಗಿ ಬಾ.”

ಸರ್ಟಿಫಿಕೇಟ್ ಇಲ್ಲದೆ ಹುಣಸಗಿಯ ಕಾಲುವೆ ದಂಡೆಯ ಲಾಡ್ಜಿನಲ್ಲಿ ಕೆಲಸ ಸಿಗುವುದಿಲ್ಲ. ಕೆಲಸ ಸಿಗದಿದ್ದರೆ ಸೋದರಮಾವನ ಜೊತೆ ಮದುವೆ ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಆದರೂ ಆ ಹೆಸರು ಬಾಯಿಗೆ ಬರಲಿಲ್ಲ. ಗಂಡನ ಹೆಸರು ಹೇಳಬಾರದು ಎಂದು ಅಜ್ಜಿ ಕಲಿಸಿದ್ದಳು. ಫೋಟೋ ತೆಗೆದವನ ಜೊತೆ ಮನಸ್ಸಿನಲ್ಲಿ ಮದುವೆ ಯಾವಾಗಲೋ ಆಗಿಹೋಗಿತ್ತು, ಅವನಿಗಷ್ಟೇ ಗೊತ್ತಿರಲಿಲ್ಲ.

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

“ಈಶಪ್ಪ!” ಎಂದೆ. ತುಸು ಜೋರಾಗಿಯೇ ಬಂತು.

ತನ್ನ ಫೈಲು ಹಿಡಿದು ಹೊರಗೆ ನಿಂತಿದ್ದ ಈಶಪ್ಪ ಓಡಿ ಬಂದ.

“ಹಾಸಿಗಿ ಅಕಿನಾ ಹಾಸ್ಯಾಳ್ರಿ ಮೇಡಂ. ಫೋಟೋದಾಗ ಬರಲಾರದ್ದು ನನ್ನ ತಪ್ಪರಿ.”

“ಯಾಕ ಬರಲಿಲ್ಲ?”

ಅವನು ನೆಲ ನೋಡಿದ. ಕಿವಿ ಕೆಂಪಾದವು. ಮೇಡಂ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ, ತರಬೇತಿ ಕೋಣೆಯ ಮಂಚ ತೋರಿಸಿದರು.

“ಹಾಸು, ನೋಡ್ತೀನಿ. ಏ ತಮ್ಮಾ, ನೀ ತೆಗಿ. ಈ ಸಲ ಮಂಚ ಬರಲಿ.”

ಚಾದರ ಕೊಡವಿ ಹಾಸಿದೆ. ಮೂಲೆಗಳನ್ನು ಮಡಚಿ ಗಾದಿಯ ಕೆಳಗೆ ಸೇರಿಸಿದೆ, ಎಲ್ಲೂ ಸುಕ್ಕಿಲ್ಲದಂತೆ ಸವರಿದೆ. ಟೇಬಲ್ಲನ್ನೂ ಜೋಡಿಸಿ ತೋರಿಸಿದೆ. ಈ ಸಲದ ಫೋಟೋಗಳಲ್ಲಿ ನನ್ನದೆಂದರೆ ಕೈ ಮಾತ್ರ. ಮೇಡಂ ಸಹಿ ಹಾಕಿದರು.

ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಹುಣಸಗಿ ಬಸ್ಸು ಕಾಯುವಾಗ ಅವನೇ ಮಾತು ತೆಗೆದ.

“ಇಷ್ಟ ದಿನ ‘ಏ’, ‘ಇಲ್ಲಿ ನೋಡು’ ಅಂತಿದ್ದಿ. ಇವತ್ತ ಹೆಸರ ಹಿಡದು ಕರದಿ?”

ಅಜ್ಜಿ ಕಲಿಸಿದ್ದನ್ನು ಹೇಳಿದೆ. ಹೇಳುವಾಗ ಅವನ ಮುಖ ನೋಡಲಿಲ್ಲ, ಬಸ್ಸುಗಳ ಬೋರ್ಡು ಓದುತ್ತಿದ್ದೆ.

ಅವನು ಫೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಆಮೇಲೆ ಮೆಲ್ಲಗೆ, “ಅಂದ್ರ... ಈಗ ಹೇಳಿಬಿಟ್ಟಿ. ಇನ್ನ ನಾ ಅಲ್ಲೇನು?” ಎಂದ.

ನಗು ತಡೆಯಲಾಗಲಿಲ್ಲ. “ಹುಚ್ಚಪ್ಪಾ, ಮದಿವಿ ಆದ ಮ್ಯಾಲ ಹೇಳಬಾರದು. ಅಲ್ಲೀತನಕ ನಡೀತದ.”

“ಹಂಗಿದ್ರ ಇನ್ನೊಮ್ಮಿ ಹೇಳು. ಆಮ್ಯಾಲ ಕೇಳಾಕ ಸಿಗಂಗಿಲ್ಲ.”

ಬಸ್ಸು ಬಂತು. ಕಂಡಕ್ಟರ್ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ.